ಕಲ್ಲು, ಸರಪಳಿ, ಸೋಪು: ಕಮಾನಿನ ಪಾಠಕ್ಕೆ ನನ್ನ ಟಿಪ್ಪಣಿ

ಚಿತ್ರದುರ್ಗದ ಕೋಟೆ ಹತ್ತುವಾಗ ಬಂಡೆಗಳ ಮೇಲೆ ಸಾಲಾಗಿ ಸಣ್ಣ ಕುಳಿಗಳು ಕಾಣುತ್ತವೆ, ನೋಡಿದ್ದೀರಲ್ವಾ? ಕಲ್ಲುಕುಟಿಗರು ಉಳಿಯಿಂದ ತೋಡಿ, ಬೆಣೆ ಹೊಡೆದು ಬಂಡೆ ಸೀಳಿದ ಗುರುತು ಅದು. ಅಷ್ಟು ಗಟ್ಟಿ ಕಲ್ಲು ಬೆಣೆಗೆ ಯಾಕೆ ಸೀಳುತ್ತದೆ? ಗ್ರಾನೈಟ್ ಅದುಮಿದರೆ ತಡೆಯುತ್ತದೆ, ಎಳೆದರೆ ಅಷ್ಟಾಗಿ ತಡೆಯುವುದಿಲ್ಲ; ಬೆಣೆ ಅದನ್ನು ಎರಡು ಕಡೆಗೆ ಎಳೆಯುತ್ತದೆ. ಇದಿಷ್ಟು ತಲೆಗೆ ಹೋದರೆ ಅರ್ಧ ಪಾಠ ಮುಗಿದ ಹಾಗೆ.

ಕಲ್ಲಿನ ತೊಲೆಯ ಮೇಲೆ ಭಾರ ಬಿದ್ದರೆ ಅದರ ಕೆಳಮೈ ಎಳೆತಕ್ಕೆ ಸಿಗುತ್ತದೆ. ಬಿರುಕು ಅಲ್ಲಿಂದಲೇ ಶುರು. ನಮ್ಮ ಹಳೇ ಗುಡಿಗಳಲ್ಲಿ ಕಂಬಗಳು ಹತ್ತಿರ ಹತ್ತಿರ ಇರುವುದು ಇದಕ್ಕೇ. ಜಾಸ್ತಿ ಅಗಲ ದಾಟಬೇಕಾದರೆ ಎಳೆತವೇ ಇಲ್ಲದ ಆಕಾರದ ಕಮಾನು ಬೇಕು.

ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಇದರ ಗುಟ್ಟನ್ನು 1675ರಲ್ಲೇ ಹೇಳಿದ್ದ. ತೂಗುಬಿಟ್ಟ ಸರಪಳಿಯಲ್ಲಿ ಇರುವುದು ಬರೀ ಎಳೆತ. ಅದೇ ಗೆರೆಯನ್ನು ತಲೆಕೆಳಗೆ ಮಾಡಿ ಕಲ್ಲಿನಲ್ಲಿ ಕಟ್ಟಿದರೆ ಬರೀ ಒತ್ತಡ. ಸ್ಪೇನಿನ ವಾಸ್ತುಶಿಲ್ಪಿ ಗೌಡಿ ದಾರಕ್ಕೆ ಭಾರದ ಪುಟ್ಟ ಚೀಲಗಳನ್ನು ಕಟ್ಟಿ ಚರ್ಚಿನ ಮಾದರಿ ಮಾಡಿದ್ದೂ ಹೀಗೇ. ಈಗ ಆ ತೂಗಾಟವನ್ನು ಸಾಫ್ಟ್‌ವೇರ್ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ನನಗೆ ತುಂಬಾ ಹಿಡಿಸಿದ್ದು 2016ರ ವೆನಿಸ್ ಬಿಯೆನಾಲೆ ಎಂಬ ವಾಸ್ತುಶಿಲ್ಪ ಪ್ರದರ್ಶನದಲ್ಲಿದ್ದ ಆರ್ಮಡಿಲೊ ವಾಲ್ಟ್, ಅಂದರೆ ಕಲ್ಲಿನ ಕಮಾನು ಚಾವಣಿ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿರುವ ಬ್ಲಾಕ್ ರಿಸರ್ಚ್ ಗ್ರೂಪ್ ಮತ್ತು ಜೊತೆಗಾರರ ಕೆಲಸ. 399 ಸುಣ್ಣದಕಲ್ಲಿನ ತುಂಡುಗಳು, ಗಾರೆ ಇಲ್ಲ, ಒಳಗೆ ಕಬ್ಬಿಣದ ಸರಳಿಲ್ಲ. ಕೆಲವು ಕಡೆ ದಪ್ಪ ಬರೀ 5 ಸೆಂ.ಮೀ. ಕಲ್ಲಿನ ಒಳಮೈ ನೋಡಿ: ಯಂತ್ರದ ಗರಗಸ ಪಕ್ಕಪಕ್ಕದಲ್ಲಿ ಸೀಳು ಕೊಯ್ದಿದೆ, ನಡುವೆ ಉಳಿದ ತೆಳು ಪಟ್ಟಿಗಳನ್ನು ಕೈಯಲ್ಲಿ ಸುತ್ತಿಗೆಯಿಂದ ಉದುರಿಸಿದ್ದಾರೆ. ನಯ ಮಾಡುವ ಗೋಜಿಗೆ ಹೋಗಿಲ್ಲ. ಆ ಒರಟುತನ ನೋಡಿದಾಗ ನನಗೆ ದುರ್ಗದ ಕುಳಿಗಳೇ ನೆನಪಾದವು.

ಮನೆಯಲ್ಲಿ ಮಾಡಿ ನೋಡಿ. ಎರಡು ಮೊಳೆಗೆ ತೆಳು ಸರಪಳಿ ನೇತುಹಾಕಿ, ಫೋಟೊ ತೆಗೆದು ತಿರುಗಿಸಿ, ಗೆರೆಯನ್ನು ರಟ್ಟಿಗೆ ಇಳಿಸಿ ಕತ್ತರಿಸಿಕೊಳ್ಳಿ; ತುಂಡುಗಳನ್ನು ಜೋಡಿಸುವಾಗ ಈ ರಟ್ಟೇ ಕೆಳಗಿನ ಆಸರೆ. ನಾನು ಬಟ್ಟೆ ಸೋಪನ್ನು ದಾರದಿಂದ ಕೊಯ್ದು ತುಂಡು ಮಾಡಿದೆ. ತುಂಡುಗಳ ನಡುವಿನ ಸಂದುಗಳು ಗೆರೆಗೆ ಲಂಬವಾಗಿ ಬರಬೇಕು. ಎಲ್ಲವನ್ನೂ ಒಂದೇ ಕೇಂದ್ರಕ್ಕೆ ತಿರುಗಿಸಿದರೆ ತುಂಡು ಜಾರಬಹುದು, ಯಾಕೆಂದರೆ ಇದು ವೃತ್ತ ಅಲ್ಲ.

ರಟ್ಟು ತೆಗೆದ ಕೂಡಲೇ ನನ್ನ ಕಮಾನು ಕಾಲು ಚಾಚಿ ಮಲಗಿತು! ಆಕಾರ ಸರಿಯಿತ್ತು, ಪಕ್ಕಕ್ಕೆ ನೂಕುವ ಬಲವನ್ನು ಸರಿಯಾಗಿ ಲೆಕ್ಕ ಹಾಕಿರಲಿಲ್ಲ. ಅಂದಾಜು ಲೆಕ್ಕ ಹೀಗೆ: ಮೀಟರಿಗೆ ಬೀಳುವ ಭಾರವನ್ನು ಅಗಲದ ವರ್ಗದಿಂದ ಗುಣಿಸಿ, ಎತ್ತರದ 8 ಪಟ್ಟಿನಿಂದ ಭಾಗಿಸಿ. ಎತ್ತರ ಅರ್ಧ ಆದರೆ ನೂಕು ಎರಡರಷ್ಟು. ವೆನಿಸ್‌ನಲ್ಲಿ ಇದಕ್ಕೇ ಉಕ್ಕಿನ ಪಟ್ಟಿಗಳಿಂದ ಕಾಲುಗಳನ್ನು ಬಿಗಿದಿದ್ದರು.

ಮೊದಲ ಕಮಾನು 6 ಸೆಂ.ಮೀ. ಎತ್ತರ ಇತ್ತು, ಎರಡೂ ಕಡೆ ಒಂದೊಂದು ನೋಟ್‌ಬುಕ್ ಆಸರೆ ಕೊಟ್ಟಿದ್ದೆ. ಅಗಲ ಅಷ್ಟೇ ಇಟ್ಟುಕೊಂಡು ಎತ್ತರ 12ಕ್ಕೆ ಏರಿಸಿದೆ. ಅವೇ ನೋಟ್‌ಬುಕ್ ಸಾಕಾದವು.