ಬಾಡಿ ಕೊಳ್ಳುವ ಮೊದಲು ಲೆನ್ಸ್ ಬಿಚ್ಚಿ ನೋಡಿ

ಶ್ರೀರಂಗಪಟ್ಟಣದ ಮದುವೆ ಛಾಯಾಗ್ರಾಹಕರೊಬ್ಬರು ಕಳೆದ ವಾರ ಮೈಸೂರಿನ ನನ್ನ ದುರಸ್ತಿ ಮೇಜಿನ ಮೇಲೆ ತಮ್ಮ ನಿಕಾನ್ ಡಿ90 ಕ್ಯಾಮೆರಾವನ್ನಿಟ್ಟು, "ಸಾರ್, ಇದರ ಕಾಲ ಮುಗೀತು. ಮಿರರ್‌ಲೆಸ್‌ನಲ್ಲಿ ಯಾವುದು ತಗೊಳ್ಳಲಿ?" ಎಂದು, ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮೆರಾಗಳ ಬಗ್ಗೆ ಕೇಳಿದರು. 2008ರಲ್ಲಿ ಮಾರುಕಟ್ಟೆಗೆ ಬಂದ ಆ ಮಾದರಿಯ ಶಟರನ್ನು, ಅಂದರೆ ಬೆಳಕನ್ನು ಒಳಬಿಡಲು ತೆರೆದು ಮುಚ್ಚುವ ಪರದೆಯನ್ನು, ಒಂದು ಲಕ್ಷ ಕ್ಲಿಕ್‌ಗಳವರೆಗೆ ಪರೀಕ್ಷಿಸಲಾಗಿತ್ತು. ಅವರ ಕ್ಯಾಮೆರಾ ಆ ಲೆಕ್ಕವನ್ನು ಎಂದೋ ದಾಟಿತ್ತು. ಹೊಸದು ಬೇಕೆಂಬುದು ನಿಜ. ಆದರೂ ನಾನು ಮೊದಲು ನೋಡಬಯಸಿದ್ದು ಅವರ ಬ್ಯಾಗಿನಲ್ಲಿದ್ದ ಲೆನ್ಸ್‌ಗಳನ್ನು.

ಅವರ ನೆಚ್ಚಿನ 50 ಎಂಎಂ 1.8 ಡಿ ಲೆನ್ಸನ್ನು ಬಿಚ್ಚಿ, ಹಿಂಬದಿಯ ಲೋಹದ ಬಳೆಯಲ್ಲಿ ಸ್ಕ್ರೂ ತಲೆಯ ಹಾಗೆ ಕಾಣುವ ಸಣ್ಣ ಸೀಳನ್ನು ತೋರಿಸಿದೆ. ಕ್ಯಾಮೆರಾದೊಳಗಿನ ಮೋಟಾರು ಆ ಸೀಳನ್ನು ಹಿಡಿದು ತಿರುಗಿಸಿದರೆ ಮಾತ್ರ ಈ ಲೆನ್ಸ್ ತಾನಾಗಿ ಫೋಕಸ್ ಆಗುತ್ತದೆ. ನಿಕಾನ್‌ನ ಮಿರರ್‌ಲೆಸ್ ಸರಣಿಯಾದ ಝಡ್ ಕ್ಯಾಮೆರಾಗಳಿಗೆ ಹಳೆಯ ಲೆನ್ಸ್ ಜೋಡಿಸಲು ಬಳಸುವ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಅಂಥ ಮೋಟಾರು ಇಲ್ಲದಿರುವುದರಿಂದ, ಲೆನ್ಸ್ ಕೂರುತ್ತದೆ, ಚಿತ್ರವೂ ಬರುತ್ತದೆ, ಆದರೆ ಫೋಕಸನ್ನು ಕೈಯಿಂದಲೇ ಮಾಡಬೇಕಾಗುತ್ತದೆ. ಮಾಂಗಲ್ಯಧಾರಣೆಯ ಗಳಿಗೆಯಲ್ಲಿ, ಅಕ್ಷತೆ ಬೀಳುತ್ತಿರುವಾಗ, ಅದನ್ನು ನಂಬಿ ಕೂರುವಂತಿಲ್ಲ. ಮೋಟಾರು ಲೆನ್ಸ್‌ನೊಳಗೇ ಇರುವ ಅವರ ಎಎಫ್-ಎಸ್ ಜೂಮ್‌ಗೆ ಈ ತೊಡಕಿಲ್ಲ. ಕ್ಯಾನನ್ ಇಎಫ್ ಲೆನ್ಸ್ ಉಳ್ಳವರಿಗೂ ಇಲ್ಲ. ಆದ್ದರಿಂದ ಬಾಡಿಯ, ಅಂದರೆ ಲೆನ್ಸ್ ಇಲ್ಲದ ಕ್ಯಾಮೆರಾದ, ಬೆಲೆಯ ಜೊತೆಗೆ ಹೊಸ 50 ಎಂಎಂ ಲೆನ್ಸ್‌ನ ಬೆಲೆಯನ್ನೂ ಕೂಡಿಸಿಕೊಳ್ಳಿ ಎಂದೆ.

ಮೆಗಾಪಿಕ್ಸೆಲ್ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. 12×18 ಅಂಗುಲದ ಆಲ್ಬಂ ಹಾಳೆಯನ್ನು ಅಂಗುಲಕ್ಕೆ 300 ಪಿಕ್ಸೆಲ್‌ನಂತೆ ಮುದ್ರಿಸಲು 19.5 ಮೆಗಾಪಿಕ್ಸೆಲ್ ಸಾಕು. 24 ಇದ್ದರೆ ಚಿತ್ರದ ಅಂಚನ್ನು ಕತ್ತರಿಸಲೂ ಒಂದಿಷ್ಟು ಜಾಗ ಉಳಿಯುತ್ತದೆ. ರಂಗನತಿಟ್ಟಿನಲ್ಲಿ ದೋಣಿಯಿಂದ ಹೆಜ್ಜಾರ್ಲೆಗಳನ್ನು ಹಿಡಿಯುವ ಹವ್ಯಾಸಿಗಾದರೆ ನಾನು ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರನ್ನೇ (ಚಿತ್ರವನ್ನು ಗ್ರಹಿಸುವ ಫಲಕ) ಸೂಚಿಸುತ್ತೇನೆ. ಅದರಲ್ಲಿ 300 ಎಂಎಂ ಲೆನ್ಸ್ 450ರ ನೋಟ ಕೊಡುತ್ತದೆ. ಸಂಜೆಯ ಆರತಕ್ಷತೆಗಳನ್ನೇ ನಂಬಿರುವ ಇವರಿಗೆ ಮಂದ ಬೆಳಕಿನಲ್ಲಿ ಕಡಿಮೆ ಕಾಳು ಕಾಳಾಗುವ, ಅದಕ್ಕಿಂತ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಹೆಚ್ಚು ಒಪ್ಪುತ್ತದೆ.

ಅಂಗಡಿಯಲ್ಲಿ ಒಂದು ಪರೀಕ್ಷೆಯನ್ನು ತಪ್ಪದೆ ಮಾಡಿ. ಎಲ್‌ಇಡಿ ದೀಪದಡಿ ನಿಂತು, ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆಕೆಂಡಿನ 1/500 ವೇಗದಲ್ಲಿ ಹತ್ತು ಚಿತ್ರ ತೆಗೆದು, ಅಡ್ಡಪಟ್ಟಿಗಳು ಬಿದ್ದಿವೆಯೇ ಎಂದು ದೊಡ್ಡದು ಮಾಡಿ ನೋಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಅನೇಕ ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಪಟ್ಟಿ ಕಂಡರೆ, ಛತ್ರದಲ್ಲಿ ಪರದೆ ನಿಜವಾಗಿ ಚಲಿಸುವ ಮೆಕ್ಯಾನಿಕಲ್ ಶಟರನ್ನೇ ಬಳಸಬೇಕು. ಅದಿಲ್ಲದ ಅಗ್ಗದ ಬಾಡಿಯನ್ನು ಮದುವೆ ಕೆಲಸಕ್ಕೆ ಕೊಳ್ಳಬಾರದು.

ಹೊರಡುವಾಗ ಅವರು ಹಳೆಯದನ್ನು ಮಾರಲೇ ಎಂದು ಕೇಳಿದರು. ಬರುವ ಹಣ ಅತ್ಯಲ್ಪ. ಮುಹೂರ್ತದ ನಡುವೆ ಹೊಸ ಬಾಡಿ ಕೈಕೊಟ್ಟರೆ ಬೇಕಾಗುತ್ತದೆ ಎಂದು ಹೇಳಿ, ಸಂಪರ್ಕ ಬಿಂದುಗಳನ್ನು ಒರೆಸಿ, ಆ 50 ಎಂಎಂ ಲೆನ್ಸನ್ನು ಡಿ90ಗೇ ತಿರುಗಿಸಿ ಕೂರಿಸಿ ಅವರ ಕೈಗಿತ್ತೆ.