ಪದ ಪರಿಚಯ: ಸರ್ಕಾರದ ಜಾಮೀನಿನ ಸಾಲ

ಚಿಕ್ಕಮಗಳೂರಲ್ಲಿ ಇಬ್ಬರು ಗೆಳತಿಯರು ಕಾಫಿ, ಮೆಣಸು ಬೆಳೆಗಾರರಿಗೆಂದೇ ಮಾಸಪತ್ರಿಕೆ ತರಲು ಹೊರಟರು ಅಂದುಕೊಳ್ಳಿ. ಬ್ಯಾಂಕಿನಲ್ಲಿ ಮೊದಲು ಕೇಳುವುದೇ, ‘ಅಡವಿಗೆ ಏನಿಡ್ತೀರಿ?’ ಅಂತ. ಕಚೇರಿ ಬಾಡಿಗೆಯದು. ಅಚ್ಚು ಹಾಕಿಸುವುದು ಬೇರೆಯವರ ಪ್ರೆಸ್ಸಿನಲ್ಲಿ. ಇವರದ್ದು ಅಂತ ಇರುವುದು ಎರಡು ಕಂಪ್ಯೂಟರ್, ಒಂದು ಕ್ಯಾಮೆರಾ.

ಇಂಥವರ ಸಾಲಕ್ಕೆ ಆಸ್ತಿಯ ಬದಲು ಜಾಮೀನು ನಿಲ್ಲಲೆಂದೇ ಕೇಂದ್ರ ಸರ್ಕಾರ ಮತ್ತು ಸಿಡ್ಬಿ (ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕ್) ಸೇರಿ 2000ದಲ್ಲಿ ಒಂದು ಟ್ರಸ್ಟ್ ಕಟ್ಟಿದವು. ಬ್ಯಾಂಕಿನವರ ಬಾಯಲ್ಲಿ ಅದು ಸಿಜಿಟಿಎಂಎಸ್‌ಇ. ಸಣ್ಣಪುಟ್ಟ ವ್ಯಾಪಾರಗಳಿಗೆ ಕೊಡುವ ಮುದ್ರಾ ಸಾಲಕ್ಕೂ ಇಂಥದ್ದೇ ಇನ್ನೊಂದು ಖಾತರಿ ನಿಧಿ ಇದೆ. ಸಾಲ ಕೊಡುವುದು ಮಾತ್ರ ಬ್ಯಾಂಕೇ. ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುವುದೂ ಬ್ಯಾಂಕೇ.

ಈ ಜಾಮೀನು ಕಾಯುವುದು ಬ್ಯಾಂಕನ್ನು, ಸಾಲಗಾರರನ್ನಲ್ಲ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಪತ್ರಿಕೆ ನಿಂತುಹೋಯಿತು, 6 ಲಕ್ಷ ಬಾಕಿ ಉಳಿಯಿತು, ಖಾತರಿ ಶೇ 75 ಇತ್ತು ಅನ್ನಿ. ಟ್ರಸ್ಟು ಬ್ಯಾಂಕಿಗೆ ನಾಲ್ಕೂವರೆ ಲಕ್ಷ ತುಂಬಿಕೊಡುತ್ತದೆ, ಅದೂ ಒಂದೇ ಸಲಕ್ಕಲ್ಲ. ಹಾಗಂತ ಗೆಳತಿಯರ ಸಾಲ ತೀರಲಿಲ್ಲ. ಪೂರ್ತಿ ಬಾಕಿಗೆ ಅವರೇ ಹೊಣೆ. ವಸೂಲಿಗೆ ಬ್ಯಾಂಕು ಕಾನೂನು ಕ್ರಮ ಹೂಡಬಹುದು. ಸಾಲ ಹೇಗೆ ತೀರಿಸಿದಿರಿ ಅಂತ ತೋರಿಸುವ ಅಂಕ, ಅಂದರೆ ಸಿಬಿಲ್ ಸ್ಕೋರೂ ಕೆಡುತ್ತದೆ. ‘ಸರ್ಕಾರ ಕಟ್ಟುತ್ತೆ ಬಿಡಿ’ ಅನ್ನುವ ಏಜೆಂಟರ ಮಾತಿಗೆ ದಯವಿಟ್ಟು ಮರುಳಾಗಬೇಡಿ.

ಜಾಮೀನಿಗೆ ವರ್ಷಕ್ಕಿಷ್ಟು ಅಂತ ಶುಲ್ಕವಿದೆ. ಸಾಮಾನ್ಯವಾಗಿ ಅದು ಸಾಲಗಾರರ ತಲೆಗೇ ಬರುತ್ತದೆ.

ಪತ್ರಿಕೆಯವರು ಇನ್ನೊಂದು ವಿಷಯ ಯೋಚಿಸಬೇಕು. ಕಂಪ್ಯೂಟರು ಒಂದು ಸಲದ ಖರ್ಚು, ಅದಕ್ಕೆ ಕಂತಿನಲ್ಲಿ ತೀರಿಸುವ ಟರ್ಮ್ ಲೋನ್ ಸಾಕು. ಕಾಗದ, ಅಚ್ಚು, ಅಂಚೆ ಮಾತ್ರ ತಿಂಗಳು ತಿಂಗಳೂ ದುಡ್ಡು ಕೇಳುತ್ತವೆ. ಚಂದಾ ಬರುವುದು ಬೆಳೆಗಾರರು ಕಾಫಿ ಮಾರಿದ ಮೇಲೆ. ಜಾಹೀರಾತಿನ ಬಿಲ್ಲು ಕೈಸೇರುವುದು ಇನ್ನೂ ತಡ. ಮಳೆಗಾಲ ದಾಟಿಸಲು ದುಡಿಮೆ ಬಂಡವಾಳ, ಅಂದರೆ ಒಂದು ಮಿತಿಯೊಳಗೆ ಬೇಕಾದಾಗ ತೆಗೆದು, ದುಡ್ಡು ಬಂದಾಗ ತುಂಬುವ ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆ ಬೇಕು. ಜಾಮೀನು ಅದಕ್ಕೂ ಸಿಗುತ್ತದೆ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಈ ತಿಂಗಳವಾರು ಲೆಕ್ಕ ಬರೆದುಕೊಂಡು ಹೋದರೆ ಮ್ಯಾನೇಜರಿಗೂ ವ್ಯವಹಾರ ಅರ್ಥವಾಗುತ್ತದೆ. ಅಚ್ಚುಕಟ್ಟಾದ ಮುಖಪುಟ ತೋರಿಸುವುದಕ್ಕಿಂತ ಇದು ಮುಖ್ಯ ಅಂತ ನನಗನ್ನಿಸುತ್ತದೆ.

ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿ ಆನ್‌ಲೈನಲ್ಲಿ ಉಚಿತ, ಸುಮ್ನೆ ಯಾರಿಗೂ ದುಡ್ಡು ಕೊಡಬೇಡಿ. ಅದರಲ್ಲಿ ತುಂಬಬೇಕಾದ ಪತ್ರಿಕೆ ಪ್ರಕಾಶನದ ಕೋಡ್ 5813. ಪತ್ರಿಕೆಯ ಹೆಸರಿನ ನೋಂದಣಿ ಬೇರೆ: 2024ರ ಮಾರ್ಚ್‌ನಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯಂತೆ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಮಾಡಿಸಬೇಕು. ಮಾಹಿತಿಗೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೂ ಹೋಗಿಬರಬಹುದು.

ಸಣ್ಣ ಉದ್ಯಮದ ನಿಗದಿತ ಮಿತಿಯೊಳಗಿನ ಸಾಲಕ್ಕೆ ಆಸ್ತಿ ಅಡವು ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಆದರೂ ಅಪ್ಪನ ತೋಟದ ಪತ್ರ ತನ್ನಿ ಅಂದರೆ, ‘ಸಿಜಿಟಿಎಂಎಸ್‌ಇ ಅಡಿ ಯಾಕೆ ಆಗಲ್ಲ ಸಾರ್?’ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.