ಬಿಸಿಲಿಗೆ ತಲೆಕೊಟ್ಟ ಎಲೆ

ಏಪ್ರಿಲ್ ಬಿಸಿಲಲ್ಲಿ ಹೊಂಗೆ ಮರದ ಕೆಳಗೆ ನಿಂತರೆ ಜೀವಕ್ಕೆ ಹಾಯೆನಿಸುತ್ತದೆ. ಹಾಗಾಗಿ ಮರದ ಎಲೆಯೂ ತಂಪಾಗೇ ಇರುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ತುದಿಯಲ್ಲಿರುವ ಎಲೆಯ ಪಾಡು ಬೇರೆ. ಅದು ಗಾಳಿಗಿಂತ ತಂಪೋ, ಬಿಸಿಯೋ ಎಂಬ ವಾದ ಬಹಳ ಹಳೆಯದು.

ಎಲೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ಅವುಗಳಿಂದ ನೀರು ಆವಿಯಾಗುವಾಗ ಎಲೆಯ ಬಿಸಿಯನ್ನೂ ಹೊತ್ತೊಯ್ಯುತ್ತದೆ, ನಮ್ಮ ಬೆವರಿನ ಹಾಗೆ. ಜರ್ಮನಿಯ ಸಸ್ಯವಿಜ್ಞಾನಿ ಒಟ್ಟೊ ಲಾಂಗೆ ಪಶ್ಚಿಮ ಆಫ್ರಿಕಾದ ಮಾರಿಟೇನಿಯಾದ ಮರುಭೂಮಿಯಲ್ಲಿ ಇದನ್ನು ಅಳೆದು 1959ರಲ್ಲಿ ಪ್ರಕಟಿಸಿದರು. ಹಾವುಮೆಕ್ಕೆ ಬಳ್ಳಿಯ ಎಲೆ ಸುತ್ತಲ ಗಾಳಿಗಿಂತ 15 ಡಿಗ್ರಿಯವರೆಗೆ ತಂಪಾಗಿತ್ತು! ಅದನ್ನು ಕಿತ್ತು ನೀರು ತಪ್ಪಿಸಿದರೆ ಸಾಯುವಷ್ಟು ಬಿಸಿಯೇರುತ್ತಿತ್ತು. ಆದರೆ ಅದೇ ಮರಳಲ್ಲಿ ಬೆಳೆದ ಬೇರೆ ಕೆಲವು ಗಿಡಗಳ ಎಲೆ ಗಾಳಿಗಿಂತ ಬಿಸಿಯಾಗಿತ್ತು. ವಾದದ ಎರಡೂ ಕಡೆಯವರಿಗೆ ಅಲ್ಲೇ ಸಾಕ್ಷಿ ಇತ್ತು.

2008ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಹೆಲಿಕರ್ ಮತ್ತು ರಿಕ್ಟರ್ ಮರದ ಬೆಳವಣಿಗೆಯ ಉಂಗುರಗಳಲ್ಲಿ ಉಳಿದ ಆಮ್ಲಜನಕದ ಗುರುತು ಹಿಡಿದು ಲೆಕ್ಕ ಹಾಕಿದರು. ಚಳಿ ನಾಡಿನಿಂದ ಬಿಸಿ ನಾಡಿನವರೆಗೆ 39 ಜಾತಿಯ ಮರಗಳು. ಆಹಾರ ತಯಾರಿಸುವ ಹೊತ್ತಿನಲ್ಲಿ ಎಲ್ಲದರ ಎಲೆಯೂ ಸರಾಸರಿ 21.4 ಡಿಗ್ರಿಯ ಆಸುಪಾಸು! ಮರ ತನ್ನ ಬಿಸಿಯನ್ನು ತಾನೇ ಹದದಲ್ಲಿಡುತ್ತದೆ ಎಂಬ ಆಸೆ ಚಿಗುರಿತು. ಭೂಮಿ ಬಿಸಿಯಾದರೂ ಕಾಡು ಹೇಗೋ ಸಂಭಾಳಿಸುತ್ತದೆ ಎಂಬ ಸಮಾಧಾನವೂ ಅದರಲ್ಲಿತ್ತು. ನಿಜವಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಆದರೆ ಉಂಗುರದ ಲೆಕ್ಕ ಪರೋಕ್ಷವಾದದ್ದು. ಎಲೆಯನ್ನೇ ನೋಡಬೇಕಿತ್ತು. ಆರೆಗಾನ್‌ನ ಕ್ರಿಸ್ಟೋಫರ್ ಸ್ಟಿಲ್ ಮತ್ತು ಸಂಗಡಿಗರು ಎತ್ತರದ ಗೋಪುರಗಳಲ್ಲಿ ಬಿಸಿ ಅಳೆಯುವ ಥರ್ಮಲ್ ಕ್ಯಾಮೆರಾ ಇಟ್ಟು ಉತ್ತರ ಮತ್ತು ಮಧ್ಯ ಅಮೆರಿಕದ ಕಾಡುಗಳ ನೆತ್ತಿಯನ್ನು ಕಾದು ನೋಡಿದರು. 2022ರಲ್ಲಿ ಬಂದ ಉತ್ತರ ನೇರವಾಗಿತ್ತು: ಹಗಲಿನ ಹೆಚ್ಚು ಹೊತ್ತು ತುದಿಯ ಎಲೆಗಳು ಗಾಳಿಗಿಂತ ಬಿಸಿ. ಗಾಳಿಗಿಂತ ತಂಪಾಗುವುದು ಮಧ್ಯಾಹ್ನ ಕಳೆದು ಸಂಜೆಯಾಗುತ್ತಾ ಬಂದಾಗ ಮಾತ್ರ.

ಕಾರಣ ನೀರು. ನೆಲ ಒಣಗಿ ಗಾಳಿ ಬಿಸಿಯಾದಾಗ ಮರ ನೀರು ಉಳಿಸಲು ರಂಧ್ರ ಮುಚ್ಚಿಕೊಳ್ಳುತ್ತದೆ. ಬೆವರು ಹೆಚ್ಚು ಬೇಕಾದ ಹೊತ್ತಿಗೇ ಬೆವರು ನಿಲ್ಲುತ್ತದೆ.

ಉಷ್ಣವಲಯದ ಮರಗಳ ಎಲೆಯಲ್ಲಿ ಆಹಾರ ತಯಾರಿಸುವ ವ್ಯವಸ್ಥೆ ಸರಾಸರಿ 46.7 ಡಿಗ್ರಿಯಲ್ಲಿ ಕೆಡಲು ಶುರುವಾಗುತ್ತದೆ. ಅಂತರಿಕ್ಷ ನಿಲ್ದಾಣದ ಉಪಕರಣದ ಅಳತೆಗಳನ್ನೂ ಬಳಸಿದ 2023ರ ಅಧ್ಯಯನದ ಪ್ರಕಾರ, ಈಗಲೇ ಹತ್ತು ಸಾವಿರಕ್ಕೆ ಒಂದು ಎಲೆ ಆ ಗೆರೆ ದಾಟುತ್ತಿದೆ. ಸುಮ್ನೆ ಚಿಕ್ಕ ಸಂಖ್ಯೆ ಅನ್ನಿಸಬಹುದು. ಆದರೆ ಒಂದು ಎಲೆ ಸತ್ತರೆ ಆ ಕೊಂಬೆಯ ಬೆವರು ಅಷ್ಟು ಕಡಿಮೆ, ಪಕ್ಕದ ಎಲೆಗೆ ಬಿಸಿ ಅಷ್ಟು ಜಾಸ್ತಿ.